ನಲವತ್ತಾರು, ನಲವತ್ತೊಂಬತ್ತು

ಬೆಲ್ಲ ಕಾಯಿಸುವ ವಾಸನೆ ನನಗೆ ಆಗುವುದಿಲ್ಲ. ಹೀಗೆಂದರೆ ನಮ್ಮ ಕಡೆಯ ಜನ ನಗುತ್ತಾರೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಆಡಿ ಬೆಳೆದವಳಿಗೆ ಅದೆಂಥ ಸೋಗು ಅಂತ ನಮ್ಮ ಅವ್ವನೇ ಬೈಯುತ್ತಾಳೆ. ಬೈಯಲಿ. ಈ ಸಲ ಪಿಯುಸಿ ಪರೀಕ್ಷೆಯ ಡ್ಯೂಟಿ ನನಗೆ ತಿ. ನರಸೀಪುರಕ್ಕೆ ಬಿತ್ತು. ನಾನು ಹುಣಸೂರಿನ ಕಡೆ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಡ್ಯೂಟಿ ಮುಗಿಯುವ ತನಕ ಬದನವಾಳಿನ ಪಕ್ಕದ ನಮ್ಮೂರಿನಲ್ಲಿ ಅವ್ವನ ಜೊತೆ ಇದ್ದು, ನಂಜನಗೂಡಿನ ಮೇಲೆ ಬಸ್ಸಿನಲ್ಲಿ ಓಡಾಡುವುದೆಂದು ಮಾಡಿಕೊಂಡಿದ್ದೆ. ಮೊದಲ ದಿನವೇ, ನರಸೀಪುರ ಇನ್ನೂ ದೂರವಿರುವಾಗ, ಯಾವುದೋ ಆಲೆಮನೆಯ ಹೊಗೆ ಕಿಟಕಿಯಿಂದ ಒಳಗೆ ಬಂತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ, "ವಾಂತಿ ಬತ್ತದಾ ಕೂಸು? ನಿಂಬೆಅಣ್ಣು ಕೊಡ್ಲಾ?" ಅಂದಳು. "ಬ್ಯಾಡ ಕಣಕ್ಕ" ಅಂದೆ. ಬಂದದ್ದು ವಾಂತಿಯಲ್ಲ, ಶಶಿಯ ನೆನಪು. ಅದಕ್ಕೆ ನಿಂಬೆಹಣ್ಣು ಎಲ್ಲಿ ಸಾಲುತ್ತದೆ.

ಶಶಿ ಅಂದರೆ ಶಶಿಕಲಾ. ನಂಜನಗೂಡಿನ ಡಿಗ್ರಿ ಕಾಲೇಜಿನಲ್ಲಿ ನನ್ನ ಜೊತೆ ಬಿ.ಎಸ್ಸಿ. ಓದಿದವಳು. ಶಶಿಕಲಾ, ಸುಜಾತ ಅಂತ ರಿಜಿಸ್ಟರಿನಲ್ಲಿ ನಮ್ಮ ಹೆಸರು ಒಂದರ ಕೆಳಗೊಂದು ಬಂದವು. ಹಾಗಾಗಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಮೇಜು. ಅಷ್ಟೇ. ಅದಿಲ್ಲದಿದ್ದರೆ ನಮ್ಮಿಬ್ಬರಿಗೂ ಮಾತೇ ಆಗುತ್ತಿರಲಿಲ್ಲವೇನೋ. ಅವಳು ನರಸೀಪುರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಗುರುಮಲ್ಲಪ್ಪನವರ ಮಗಳು, ಮನೆಯಲ್ಲಿ ದಿನಾ ಲಿಂಗಪೂಜೆ ಆಗದೆ ಒಲೆ ಹಚ್ಚದ ಜನ. ನಂಜನಗೂಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ನಾನು ಊರಿನ ಕೊನೆಯ ಬೀದಿಯವಳು. ನಮ್ಮಪ್ಪ ಗಾರೆ ಕೆಲಸದವನು, ದೇವರ ಪಟಗಳನ್ನೆಲ್ಲ ತೆಗೆದು ಬುದ್ಧನ ಪಟ ಒಂದೇ ಗೋಡೆಗೆ ಹಾಕಿದವನು. ಅವ್ವ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದಳು.

ನಮ್ಮಿಬ್ಬರಿಗೂ ಬಂದ ಮಾರ್ಕ್ಸ್ ಹೇಳಿಕೊಳ್ಳುವಂಥದ್ದಲ್ಲ. ನನಗೆ ನೂರಕ್ಕೆ ನಲವತ್ತಾರು, ಅವಳಿಗೆ ನಲವತ್ತೊಂಬತ್ತು. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದ ನನಗೆ ಕಾಲೇಜಿನ ಇಂಗ್ಲಿಷು ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಅರ್ಥವಾಗದ್ದನ್ನು ಉರು ಹೊಡೆಯುತ್ತಿದ್ದೆ, ಪರೀಕ್ಷೆಯಲ್ಲಿ ಒಂದು ಸಾಲು ಮರೆತರೆ ಮುಂದಿನ ಪುಟವೆಲ್ಲ ಖಾಲಿ. ಫಿಸಿಕ್ಸ್ ಅಂತೂ ಮತ್ತೆ ಮತ್ತೆ ಬರೆದೆ. ಪೇಪರ್ ತಿದ್ದುವವರಿಗೇ ಬೇಜಾರಾಗಿ ಪಾಸು ಮಾಡಿರಬೇಕು. ಶಶಿಯದು ಬೇರೆ ಕತೆ. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಎರಡನೇ ವರ್ಷ ಕಾಮಾಲೆ ಹಿಡಿದು, ಹಳದಿ ಕಣ್ಣಲ್ಲೇ ಬಂದು ಪರೀಕ್ಷೆ ಬರೆದಳು. ಆ ವರ್ಷದ ಪೇಪರುಗಳೆಲ್ಲ ಪಾಸಿನ ದಡಕ್ಕೆ ಬಂದು ನಿಂತವು. ಮನೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಗುರುಮಲ್ಲಪ್ಪನವರಿಗೆ ಪರ್ಸೆಂಟು ಗಿರ್ಸೆಂಟು ತಿಳಿಯದು, ಪಾಸಾದಳು ಅನ್ನುವುದಷ್ಟೇ ಮುಖ್ಯ. ಅವರ ಮನೆತನದಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೆಯವಳು ಅವಳೇ.

ಇಂಥ ಮಾರ್ಕ್ಸಿಗೆ ಸಿಕ್ಕಿದ್ದು ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಯ ಲ್ಯಾಬ್ ಕೆಲಸ. ಬಣ್ಣಕ್ಕೆ ಹಾಕುವ ರಾಸಾಯನಿಕ ಮಾಡುವ ಕಾರ್ಖಾನೆ. ಬಂದ ಸ್ಯಾಂಪಲ್ಲನ್ನು ತೂಗುವುದು, ಕರಗಿಸುವುದು, ಹನಿ ಹನಿ ಬಿಟ್ಟು ಟೈಟ್ರೇಶನ್ ಮಾಡುವುದು, ರೀಡಿಂಗ್ ಬರೆಯುವುದು, ಎಲ್ಲ ನಾವೇ. ಆದರೆ ರಿಪೋರ್ಟಿಗೆ ಸಹಿ ಹಾಕಲು ಎಂ.ಎಸ್ಸಿ. ಆಗಿರಬೇಕು. ಸಂಜೆ ಒಬ್ಬರು ಸಾಹೇಬರು ಮೇಲಿಂದ ಇಳಿದು ಬಂದು, ನಿಂತುಕೊಂಡೇ ಒಂದರ ಹಿಂದೊಂದು ಸಹಿ ಹಾಕಿ ಹೋಗುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ, ನಮ್ಮನ್ನು "ಏನ್ರಮ್ಮ, ಊಟ ಆಯ್ತಾ" ಅಂತ ಕೇಳುತ್ತಿದ್ದರು. ಶಶಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. "ಬ್ಯುರೆಟ್ ಹಿಡ್ದು ಕುತ್ಗೆ ನೋಯ್ಸ್ಕೊಳೋದು ನಾವು, ಸೈನ್ ಹಾಕೋರು ಅವ್ರು. ನಾವೂ ಹಾಕ್ಬೇಕು ಕಣೆ ಸುಜಾತ, ಎಂ.ಎಸ್ಸಿ. ಮಾಡೇ ಮಾಡ್ಬೇಕು" ಅಂದಳು. "ಈ ಮಾರ್ಕ್ಸಿಗೆ ಯಾರ್ ಕೊಡ್ತಾರೆ, ನಿಮ್ಮ ಮಾವನಾ?" ಅಂದೆ. ಎಂಟ್ರೆನ್ಸ್ ಅಂತ ಒಂದಿದೆ, ಅದರಲ್ಲಿ ಚೆನ್ನಾಗಿ ಮಾಡಿದರೆ ಸೀಟು ಸಿಗುತ್ತದೆ ಅಂದಳು. ಅವತ್ತಿಂದ ಊಟದ ಬಿಡುವಿನಲ್ಲಿ ಕಾರ್ಖಾನೆಯ ಹಿಂದಿನ ಸಿಮೆಂಟು ಕಟ್ಟೆಯ ಮೇಲೆ ನಮ್ಮ ಓದು ಶುರುವಾಯಿತು.

ಪಾಠ ಅಂದರೆ ಅದು. ಮೂರು ವರ್ಷ ಕಾಲೇಜಿನಲ್ಲಿ ತಲೆಗೆ ಹೋಗದ್ದನ್ನು ಶಶಿ ಬುತ್ತಿ ಬಿಚ್ಚಿಕೊಂಡು, ಕೈಗೆ ಸಿಕ್ಕ ಉಪ್ಪಿನಕಾಯಿ, ಮೊಸರು, ಚಪಾತಿ ತೋರಿಸಿಕೊಂಡೇ ಹೇಳಿಕೊಟ್ಟಳು, ಅದೂ ಕನ್ನಡದಲ್ಲಿ. ತಪ್ಪು ಹೇಳಿದರೆ ತಲೆಯ ಮೇಲೆ ಮೊಟಕುತ್ತಿದ್ದಳು. ಟೈಟ್ರೇಶನ್ನಿನಲ್ಲಿ ಅವಳ ಕೈ ನೋಡಬೇಕಿತ್ತು. ನಾನಾದರೆ ದ್ರಾವಣ ಕೆಂಪಗೆ ತಿರುಗುವ ತನಕ ಬಿಟ್ಟು ಮತ್ತೆ ಮೊದಲಿನಿಂದ ಮಾಡುವವಳು. ಅವಳು ಗುಲಾಬಿ ಬಣ್ಣ ಬಂತೋ ಇಲ್ಲವೋ ಅನ್ನುವಷ್ಟರಲ್ಲೇ ನಿಲ್ಲಿಸಿಬಿಡುತ್ತಿದ್ದಳು.

ಒಂದು ಭಾನುವಾರ ನಮ್ಮನೆಗೆ ಬಂದಳು. ಅವ್ವನಿಗೆ ಕೈಕಾಲೇ ಆಡಲಿಲ್ಲ. ಮಂಡಿ ಸಾಹುಕಾರರ ಮಗಳು ನಮ್ಮ ಮನೆಯ ನೀರು ಕುಡಿದಾಳೋ ಇಲ್ಲವೋ ಅಂತ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಶಶಿ ಲೋಟ ಇಸಿದುಕೊಂಡು ಗಟಗಟ ಕುಡಿದು, ಹುರುಳಿ ಬಸ್ಸಾರಿನ ವಾಸನೆ ಹಿಡಿದು ಅಡುಗೆಮನೆಗೇ ನುಗ್ಗಿದಳು. ಮುದ್ದೆ ಉಂಡು, ಅವ್ವನ ಪಕ್ಕ ಕೂತು, ನೂಲುವಾಗ ದಾರ ಯಾಕೆ ಕಡಿಯುತ್ತದೆ ಅಂತ ಇಲ್ಲದ ಪ್ರಶ್ನೆಯೆಲ್ಲ ಕೇಳಿದಳು. ಅವಳು ಹೋದ ಮೇಲೆ ಅವ್ವ, "ಆ ಕೂಸು ಚಿನ್ನದಂಥದ್ದು ಕಣವ್ವ. ನೀನ್ ಅವ್ರ ಮನೆಗ್ ಓದ್ರೆ ಮಾತ್ರ ವಸಿ ಎಚ್ಚರ್ವಾಗಿರು" ಅಂದಳು. ಸ್ವಲ್ಪ ತಡೆದು, "ನಂಗೆ ಸಾವ್ಕಾರ್ರನ್ನ ಬುದ್ಧಿ ಬುದ್ಧಿ ಅಂತ ಕರ್ದೇ ಅಭ್ಯಾಸ ಆಗೋಯ್ತು. ನೀನ್ ಅವ್ರಪ್ಪನ್ನ ಅಂಗ್ ಕರೀಬ್ಯಾಡ. ಅವ್ಳು ಏನಂತಾಳೊ ಅದ್ನೇ ಅನ್ನು" ಅಂದಳು.

ಹಾಗಾಗಿ ನಾನು ಗುರುಮಲ್ಲಪ್ಪನವರನ್ನು ಅಪ್ಪಾಜಿ ಅಂದೆ. ಮೊದಲ ಸಲ ಮಂಡಿಗೆ ಹೋದಾಗ ಅವರು ತಲೆ ಎತ್ತಿ ನೋಡಿದರು. ಹಣೆಯ ತುಂಬ ವಿಭೂತಿ, ಮಡಿಸಿದ ತೋಳಿನ ಬಿಳಿ ಅಂಗಿ. ನಾನು ಯಾರ ಮಗಳು, ಯಾವ ಬೀದಿ ಅನ್ನುವುದು ಶಶಿಯಿಂದ ಅವರಿಗೆ ಆಗಲೇ ಗೊತ್ತಿತ್ತು. "ಬಾ ಕೂಸು" ಅಂದು ಅಚ್ಚು ಒಡೆದು ಒಂದು ಚೂರು ಬೆಲ್ಲ ಕೈಗಿಟ್ಟರು. ಕೈಗೇ ಇಟ್ಟರು, ಮೇಲಿಂದ ಹಾಕಲಿಲ್ಲ. ನಮ್ಮಂಥವರ ಕಣ್ಣು ಇಂಥದ್ದನ್ನು ನೋಡದೆ ಬಿಡುವುದಿಲ್ಲ. ಅವರು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದು ಕಷ್ಟವಾಗುತ್ತದೆ.

ಶಶಿಗೆ ಆಗಲೇ ಕೊಳ್ಳೇಗಾಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಗೊಬ್ಬರದ ಅಂಗಡಿ, ತೋಟ, ಒಳ್ಳೆಯ ಮನೆತನ. ಮಗಳು ಓದಬೇಕು ಅಂದಾಗ ಗುರುಮಲ್ಲಪ್ಪನವರು ಆ ಮನೆಯವರನ್ನು ಹೇಗೋ ಒಪ್ಪಿಸಿ ಒಂದು ವರ್ಷ ತಡೆದರು. "ನೋಡು ಮಗ, ಬರೋ ಶ್ರಾವಣದೊಳ್ಗೆ ಸೀಟ್ ಸಿಕ್ತೋ, ಓದು. ಮೈಸೂರಲ್ಲೇ ಮನೆ ಮಾಡ್ಕೊಡ್ತೀನಿ, ನಾನೇ ಅವ್ರ ಕಾಲ್ ಇಡ್ಕಂಡು ಇನ್ನೆರಡ್ ವರ್ಸ ಕಾಯಿ ಅಂತೀನಿ. ಸಿಗ್ನಿಲ್ವೋ, ಆಮೇಲ್ ನನ್ ಮಾತ್ ಕೇಳ್ಬೇಕು" ಅಂದರು. ಆ ಕಾಲದಲ್ಲಿ ಅಷ್ಟು ಹೇಳುವ ಅಪ್ಪಂದಿರು ನಮ್ಮ ಸುತ್ತಮುತ್ತ ಎಷ್ಟು ಜನ ಇದ್ದರು? ಶಶಿ ಕುಣಿದುಬಿಟ್ಟಳು. ಒಂದು ವರ್ಷ ಅವಳಿಗೆ ಬೇಕಾದಷ್ಟಾಗಿತ್ತು.

ಆ ಚಳಿಗಾಲ ಮುಗಿಯುವಾಗ ಘಟಿಕೋತ್ಸವ ಬಂತು. ನಾನು ಹೋಗಲಿಲ್ಲ. ನಲವತ್ತಾರಕ್ಕೆ ಅದೆಂಥ ಉತ್ಸವ ಅಂತ ಅರ್ಜಿಯನ್ನೇ ಹಾಕಿರಲಿಲ್ಲ. ಶಶಿಗೂ ಮನಸ್ಸಿರಲಿಲ್ಲ. ಗುರುಮಲ್ಲಪ್ಪನವರು ಬಿಡಬೇಕಲ್ಲ! ಯಾರನ್ನೋ ಹಿಡಿದು ಅವರೇ ಅರ್ಜಿ ಹಾಕಿಸಿ, ಹೊಸ ಪಂಚೆ ಉಟ್ಟುಕೊಂಡು, ವ್ಯಾನು ಮಾಡಿಕೊಂಡು ಮನೆಮಂದಿಯನ್ನೆಲ್ಲ ಮೈಸೂರಿಗೆ ಕರೆದುಕೊಂಡು ಹೋದರು. ಆ ಪದವಿಪತ್ರಕ್ಕೆ ಗಾಜು ಹಾಕಿಸಿ, ಮಂಡಿಯಲ್ಲಿ ಮಠದ ಸ್ವಾಮಿಗಳ ಪಟದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದರು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಬೇರೆ. ಬೆಳಿಗ್ಗೆ ಬಾಗಿಲು ತೆಗೆದಾಗ ಸ್ವಾಮಿಗಳಿಗೆ ಮುಗಿದ ಕೈಯನ್ನು ಇಳಿಸದೆ ಹಾಗೇ ಅದರ ಕಡೆ ತಿರುಗಿಸುತ್ತಿದ್ದರು. ಬೆಲ್ಲ ಕೊಳ್ಳಲು ಬಂದವರಿಗೆಲ್ಲ, "ಇಂಗ್ಲೀಸಲ್ಲಿ ಬರ್ದವ್ರೆ, ನಮ್ ಕೂಸಿಂದು" ಅನ್ನುತ್ತಿದ್ದರು. ಶಶಿ ನಾಚಿಕೊಂಡು ಒಳಗೆ ಓಡುತ್ತಿದ್ದಳು, ನಾನು ಬೇಕೆಂದೇ "ಎಲ್ಲಿ ಅಪ್ಪಾಜಿ, ಇನ್ನೊಂದ್ಸಲ ಓದಿ" ಅಂತ ರೇಗಿಸುತ್ತಿದ್ದೆ.

ಯುಗಾದಿ ಕಳೆದ ಮೇಲೆ ನಮ್ಮ ಕಾಲೇಜಿನ ಒಬ್ಬ ಸೀನಿಯರ್ ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಎಂ.ಎಸ್ಸಿ. ಓದುತ್ತಿದ್ದವಳು. ನಮ್ಮ ಮಾರ್ಕ್ಸ್ ಕೇಳಿ, "ಎಂಟ್ರೆನ್ಸ್ ಆಮೇಲೆ ಕಣ್ರೇ. ಅದನ್ನು ಬರೆಯೋಕೇ ಡಿಗ್ರೀಲಿ ಐವತ್ತು ಇರ್ಬೇಕು. ಎಸ್ಸಿ, ಎಸ್ಟಿಗಾದ್ರೆ ನಲವತ್ತೈದು" ಅಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಲವತ್ತಾರರವಳು ನಾನು ಬಾಗಿಲ ಒಳಗೆ, ನನಗಿಂತ ಜಾಸ್ತಿ ಬಂದ ಶಶಿ ಹೊರಗೆ. ಶಶಿಯೇ ಮೊದಲು ನಕ್ಕಳು. "ಒಂದೇ ಒಂದ್ ಪರ್ಸೆಂಟ್ ತಾನೆ! ಇಂಪ್ರೂವ್‌ಮೆಂಟ್ ಬರೀತೀನಿ ಬಿಡು" ಅಂದಳು. ಪಾಸಾದ ಪೇಪರನ್ನೇ ಮತ್ತೆ ಬರೆದು ಮಾರ್ಕ್ಸ್ ಏರಿಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಕಾಮಾಲೆ ವರ್ಷದ ಎರಡು ಪೇಪರ್ ಬರೆದಿದ್ದರೆ ಸಾಕಿತ್ತು, ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಆ ಬೇಸಿಗೆಯಲ್ಲೇ ಪರೀಕ್ಷೆಯಿತ್ತು, ಮಳೆಗಾಲದ ಹೊತ್ತಿಗೆ ಫಲಿತಾಂಶವೂ ಬರುತ್ತಿತ್ತು.

ಮರುದಿನವೇ ರಜ ಹಾಕಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದೆವು. ಕಿಟಕಿಯ ಹಿಂದೆ ಕನ್ನಡಕದ ಒಬ್ಬ ಹೆಂಗಸು. ಶಶಿಯ ಮಾರ್ಕ್ಸ್ ಕಾರ್ಡುಗಳನ್ನು ತಿರುವಿ ನೋಡಿ, "ಕಾನ್ವೊಕೇಶನ್ ಆಯ್ತೇನಮ್ಮ?" ಅಂದರು. ಶಶಿ ಹೆಮ್ಮೆಯಿಂದಲೇ, "ಆಯ್ತು ಮೇಡಂ, ಮೊನ್ನೆ ತಾನೇ ತಗೊಂಡೆ" ಅಂದಳು. ಆಕೆ ಕನ್ನಡಕ ತೆಗೆದು ಕೆಳಗಿಟ್ಟರು. "ಅಯ್ಯೋ, ಯಾಕಮ್ಮ ತಗೊಂಡೆ? ಪದವಿಪತ್ರ ಕೈಗೆ ಬಂದ್ಮೇಲೆ ಇಂಪ್ರೂವ್‌ಮೆಂಟ್ ಇಲ್ಲ ಕಣಮ್ಮ. ಡಿಗ್ರಿ ಮುಗೀತು ಅಂತ ಅರ್ಥ. ತಗೊಳ್ದೆ ಇದ್ದಿದ್ರೆ ಬರೀಬೋದಿತ್ತು" ಅಂದರು. ವಾಪಸ್ ಕೊಟ್ಟರೆ ಆಗುತ್ತದಾ ಅಂತ ನಾನು ಕೇಳಿದೆ. ಆಗುವುದಿಲ್ಲ ಅಂದರು. ಜಗಳಕ್ಕೇ ನಿಂತೆ. ಆಕೆ ಪಾಪ ಬೇಜಾರು ಮಾಡಿಕೊಳ್ಳದೆ, ರೂಲ್ಸನ್ನು ನಾನು ಮಾಡಿಲ್ಲ ಕಣಮ್ಮ ಅಂದರು. ಶಶಿ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ನಾನೇ ಅತ್ತೆ, ಸಿಟ್ಟಿಗೆ. ಗುರುಮಲ್ಲಪ್ಪನವರ ಆ ವ್ಯಾನು, ಆ ಹೊಸ ಪಂಚೆ, ಆ ಗಾಜು ಎಲ್ಲ ಕಣ್ಣ ಮುಂದೆ ಬಂದವು. "ನಿಮ್ಮಪ್ಪಂಗ್ ಹೇಳು, ಅವ್ರೇ ಏನಾದ್ರೂ ದಾರಿ ಹುಡುಕ್ಲಿ" ಅಂದೆ. ಶಶಿ ನನ್ನ ಕಡೆ ತಿರುಗಿದಳು. "ಏನಂತ ಹೇಳ್ಲೆ? ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗೀತಾರೆ. ನೀವ್ ತಂದು ಮೊಳೆ ಹೊಡೆದ್ರಲ್ಲ, ಅದ್ರಿಂದ್ಲೇ ನನ್ ಓದು ನಿಂತೋಯ್ತು ಅಂತ ಹೇಳ್ಲಾ? ಅವ್ರು ಆಮೇಲ್ ಮಂಡಿ ಬಾಗ್ಲು ತೆಗೀತಾರಾ?" ಅಂದಳು. ದೂರದ ಯಾವುದಾದರೂ ಊರಿನಲ್ಲಿ ಖಾಸಗಿ ಕಾಲೇಜು ನೋಡಬಹುದಿತ್ತು. ಆದರೆ ಮೈಸೂರು ದಾಟಿ ಕಳಿಸುವ ಮನೆ ಅದಲ್ಲ. ನಂಜನಗೂಡಿನ ಸೇತುವೆ ಬರುವ ಮುಂಚೆ ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿಕೊಂಡಳು. ಅಪ್ಪಾಜಿಗೆ ಯಾವತ್ತೂ ಹೇಳಕೂಡದು. ಆಣೆ ಗೀಣೆಯಲ್ಲಿ ನಂಬಿಕೆಯಿಲ್ಲದ ಮನೆಯವಳು ನಾನು. ಆದರೂ ಮಾಡಿದೆ.

ಆ ಮಳೆಗಾಲ ಹೇಗೆ ಕಳೆಯಿತೋ. ಮೇಲೆ ವಯನಾಡಿನಲ್ಲಿ ಒಂದೇ ಸಮನೆ ಮಳೆ ಹೊಡೆಯಿತು. ನಂಜನಗೂಡಿನಲ್ಲಿ ಕಪಿಲೆ ಸ್ನಾನಘಟ್ಟ ನುಂಗಿ ರಸ್ತೆಗೇ ಬಂದಳು, ಬಸ್ಸುಗಳು ಎಲ್ಲೆಲ್ಲೋ ಸುತ್ತಿ ಹೋಗುತ್ತಿದ್ದವು. ಸಿಮೆಂಟು ಕಟ್ಟೆ ನೆನೆದಿದ್ದರಿಂದ ಡ್ರಮ್ಮುಗಳನ್ನಿಟ್ಟ ಶೆಡ್ಡಿನೊಳಗೆ ಕೂತು ಓದಿದೆವು. ಓದಿದೆವು ಅನ್ನುತ್ತಿದ್ದೇನೆ, ಓದಬೇಕಾದವಳು ನಾನೊಬ್ಬಳೇ. ಶಶಿ ಓದಿಸಿದಳು, ಮೊದಲಿಗಿಂತ ಹಟದಿಂದ. "ಯಾಕೆ ಇಷ್ಟು ಕಷ್ಟ ಪಡ್ತೀಯೆ?" ಅಂದರೆ, "ಇಬ್ರಲ್ಲಿ ಒಬ್ಳಾದ್ರೂ ಸೈನ್ ಹಾಕ್ಬೇಕಲ್ಲ" ಅನ್ನುವಳು. ಮನೆಯಲ್ಲಿ ತಾನೂ ಎಂಟ್ರೆನ್ಸ್ ಬರೆಯುತ್ತೇನೆ ಅಂತಲೇ ಹೇಳಿದ್ದಳು. ಕೆಲವು ದಿನ ಪುಸ್ತಕ ನನ್ನ ಕೈಗೆ ಕೊಟ್ಟು ಮಳೆ ನೋಡಿಕೊಂಡು ಕೂತುಬಿಡುತ್ತಿದ್ದಳು. ಕರೆದರೂ ಕೇಳಿಸುತ್ತಿರಲಿಲ್ಲ.

ಪರೀಕ್ಷೆಯ ದಿನ ನನ್ನ ಜೊತೆ ಮೈಸೂರಿಗೆ ಬಂದಳು. ಬರಬೇಡ ಅಂದೆ, ಕೇಳಲಿಲ್ಲ. ಪರೀಕ್ಷೆಗೆಂದು ಅಪ್ಪಾಜಿ ಅವಳ ಹಣೆಗಿಟ್ಟು ಕಳಿಸಿದ ವಿಭೂತಿ ಹಾಗೇ ಇತ್ತು. ಹಾಲ್ ಟಿಕೆಟ್ ನೋಡಿ ನನ್ನನ್ನು ಗೇಟಿನ ಒಳಗೆ ಬಿಟ್ಟರು. ಅವಳು ಹೊರಗೆ ಮಳೆಮರದ ಬುಡದಲ್ಲಿ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು, ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರ ಜೊತೆ ಕೂತಳು. ನಾನು ಬರೆದು ಹೊರಗೆ ಬಂದಾಗ ಅಲ್ಲೇ ಇದ್ದಳು, ತುಂತುರಿಗೆ ಹೆಗಲೆಲ್ಲ ಒದ್ದೆ. "ಏನೇನ್ ಬಂದಿತ್ತು ಹೇಳು" ಅಂತ ಪ್ರಶ್ನೆಪತ್ರಿಕೆ ಕಸಿದುಕೊಂಡಳು. ಚಿತ್ರಾನ್ನದ ಡಬ್ಬಿ ತೆಗೆಯದೆ, ಒಂದೊಂದು ಪ್ರಶ್ನೆಗೂ ಬೆರಳಿಟ್ಟು ಉತ್ತರ ಹೇಳುತ್ತಾ ಹೋದಳು. ನಾನು ಬಿಟ್ಟದ್ದು, ತಪ್ಪು ಮಾಡಿದ್ದು, ಎಲ್ಲ ಅವಳಿಗೆ ಗೊತ್ತಿತ್ತು. ಅವಳ ಮುಖದಲ್ಲಿ ಅಂಥ ಖುಷಿ ನಾನು ಆ ವರ್ಷ ನೋಡಿರಲಿಲ್ಲ. ಕೊನೆಯ ಪ್ರಶ್ನೆ ಮುಗಿದ ಮೇಲೆ ಪತ್ರಿಕೆಯನ್ನು ಮಡಿಸಿ ನನಗೆ ಕೊಟ್ಟು, "ನಂಗೂ ಬರ್ತಿತ್ತು ಅಲ್ವಾ?" ಅಂದಳು. ನಾನು ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟೆ.

ನನಗೆ ಸೀಟು ಸಿಕ್ಕಿತು. ಶ್ರಾವಣ ಇನ್ನೂ ಮುಗಿದಿರಲಿಲ್ಲ. ಅಪ್ಪ ಗಾರೆ ಮೆತ್ತಿದ ಕೈಯಲ್ಲೇ ಬಂದು ನನ್ನ ತಲೆ ಸವರಿದ. ಅವ್ವ ಖಾದಿ ಕೇಂದ್ರದಲ್ಲಿ ಎಲ್ಲರಿಗೂ ಕಡ್ಲೆಪುರಿ ಹಂಚಿದಳು. ಶಶಿಗೆ ಫೋನಿನಲ್ಲೇ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ. ನರಸೀಪುರಕ್ಕೆ ಹೋದೆ. ಸಂಗಮದಲ್ಲಿ ಎರಡೂ ಹೊಳೆ ತುಂಬಿ ಕೆಂಪಗೆ ಹರಿಯುತ್ತಿದ್ದವು. ಮಂಡಿಯಲ್ಲಿ ಗುರುಮಲ್ಲಪ್ಪನವರೂ ಶಶಿಯೂ ಇದ್ದರು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು, ಎದ್ದು ಬಂದು ಅಪ್ಪಿಕೊಂಡಳು. ಗುರುಮಲ್ಲಪ್ಪನವರೂ ಖುಷಿಪಟ್ಟರು. "ಭೇಷ್ ಕೂಸು, ಭೇಷ್! ನಮ್ಮುಡ್ಗೀದು?" ಅಂದರು. ಶಶಿ ತಿರುಗದೆಯೇ, "ನಂದಾಗ್ಲಿಲ್ಲ ಅಪ್ಪಾಜಿ" ಅಂದಳು.

ಅವರು ತಕ್ಕಡಿಯ ತಟ್ಟೆ ಒರೆಸುತ್ತಾ, ನನ್ನನ್ನು ನೋಡದೆ, ಮಗಳಿಗೆ, "ಇವ್ಳಿಗಿಂತ ನಿಂಗೇ ಮಾರ್ಕ್ಸ್ ಜಾಸ್ತಿ ಇತ್ತಲ್ಲವ್ವ. ಓಗ್ಲಿ ಬುಡು. ಈಗೆಲ್ಲ ಅವ್ರ್ ಕಡೇರ್ಗೇ ಸೀಟು. ನಮ್ ಮಕ್ಳು ಎಷ್ಟ್ ಓದುದ್ರೂ ಅಷ್ಟೇಯ" ಅಂದರು. ಬೈಗುಳವಲ್ಲ, ಜೋರು ದನಿಯಲ್ಲ. ಮಳೆ ಬಂತು ಅನ್ನುವ ಹಾಗೆ ಅಂದರು. ಬಾಯಿಯ ತುದಿಗೆ ಬಂದಿತ್ತು: ಅಪ್ಪಾಜಿ, ನಿಮ್ಮ ಮಗಳ ಸೀಟು ತಿಂದದ್ದು ನಾನಲ್ಲ, ನಿಮ್ಮ ಗೋಡೆಯ ಮೇಲಿರುವುದು. ಒಂದೇ ಮಾತು. ಶಶಿಯ ಕಡೆ ನೋಡಿದೆ. ಅವಳು ಕಣ್ಣಲ್ಲೇ ಬೇಡ ಅಂದಳು. ನುಂಗಿಕೊಂಡೆ. ಆದರೆ ಅವಳಾದರೂ ಬಾಯಿಬಿಟ್ಟು, ಹಾಗನ್ನಬೇಡಿ ಅಪ್ಪಾಜಿ ಅನ್ನುತ್ತಾಳೆ ಅಂದುಕೊಂಡೆ. ಕಾರಣ ಹೇಳದಿದ್ದರೂ ಅಷ್ಟನ್ನಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಕೊಡೆ ಹಿಡಿದುಕೊಂಡು ಜೊತೆಗೆ ಬಂದಳು. "ನಿಮ್ಮಪ್ಪ ಅಂದಿದ್ದು ಕೇಳಿಸ್ತಾ?" ಅಂದೆ. "ಕೇಳಿಸ್ತು." "ಮತ್ತೆ?" ಅವಳು ನೆಲ ನೋಡಿಕೊಂಡು, "ನಂಗೂ ನಲವತ್ತೈದೇ ಸಾಕಾಗಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ ಅಲ್ವಾ ಸುಜಾತ" ಅಂದಳು. ಹೊಟ್ಟೆಕಿಚ್ಚಿನಿಂದ ಅಂದದ್ದಲ್ಲ ಅಂತ ಈಗ ತಿಳಿಯುತ್ತದೆ, ಆಗಲೂ ತಿಳಿಯುತ್ತಿತ್ತೇನೋ. ಆದರೆ ನಾನೂ ಮನುಷ್ಯಳೇ ತಾನೆ. "ಹಂಗಾದ್ರೆ ನಮ್ಮ ಬೀದೀಲಿ ಹುಟ್ಬೇಕಿತ್ತು ನೀನು" ಅಂದೆ. ಅಂದದ್ದು ಸುಳ್ಳಲ್ಲ, ಅದಕ್ಕೆ ಇವತ್ತೂ ನಾನು ಕ್ಷಮೆ ಕೇಳುವುದಿಲ್ಲ. ಅವಳ ಮುಖ ಸಣ್ಣದಾಯಿತು. ನಂಜನಗೂಡಿನ ಬಸ್ಸು ಬಂತು, ಹತ್ತಿದೆ. ಕಿಟಕಿಯ ಗಾಜಿನ ಮೇಲೆ ಮಳೆ ಸುರಿಯುತ್ತಿತ್ತು, ಅವಳು ಕೈ ಬೀಸಿದಳೋ ಇಲ್ಲವೋ ಕಾಣಲಿಲ್ಲ.

ಕಾರ್ತಿಕದಲ್ಲಿ ಅವಳ ಮದುವೆಯಾಯಿತು. ಹೋಗಿದ್ದೆ. ಅವ್ವ ಕೇಂದ್ರದಿಂದ ತಂದ ಖಾದಿ ಸೀರೆ ಉಡುಗೊರೆ ಕೊಟ್ಟೆ. ವೇದಿಕೆಯ ಮೇಲೆ ಹಿಂದೆ ಜನ ನೂಕುತ್ತಿದ್ದರು, ಫೋಟೋದವನು ಈ ಕಡೆ ನೋಡಿ ಮೇಡಂ ಅಂತ ಕೂಗುತ್ತಿದ್ದ. ಶಶಿ ನನ್ನ ಕೈ ಹಿಡಿದುಕೊಂಡು, ಮೆಲ್ಲಗೆ, "ಲ್ಯಾಬ್ ಹೆಂಗಿದೆ?" ಅಂದಳು. ಬಾಸಿಂಗ ಕಟ್ಟಿಕೊಂಡು ನಿಂತವಳು ಕೇಳುವ ಮಾತೇ ಅದು? "ಚೆನ್ನಾಗಿದೆ ಕಣೆ, ದೊಡ್ಡದು" ಅಂದೆ. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದರು. ಆಮೇಲೆ ಹಬ್ಬಕ್ಕೊಂದು ಮೆಸೇಜು, ಮಗಳು ಹುಟ್ಟಿದಾಗ ಒಂದು ಫೋನು. ಅದೂ ನಿಂತಿತು. ಯಾರೂ ಮುನಿಸಿಕೊಳ್ಳಲಿಲ್ಲ, ಸುಮ್ಮನೆ ನಿಂತಿತು. ಎಂ.ಎಸ್ಸಿ.ಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂತು. ಅದನ್ನು ಮೊದಲು ಹೇಳಬೇಕಾಗಿದ್ದವಳಿಗೆ ನಾನು ಹೇಳಲೇ ಇಲ್ಲ.

ಈ ಸಲ ಡ್ಯೂಟಿಯ ಕೊನೆಯ ದಿನ ಬಸ್‌ಸ್ಟ್ಯಾಂಡಿಗೆ ಬರುವಾಗ ಮಂಡಿಯ ಮುಂದೆಯೇ ಬರಬೇಕಾಯಿತು. ತಲೆ ಬಗ್ಗಿಸಿ ಹೋಗಿಬಿಡೋಣ ಅಂದುಕೊಂಡೆ. "ಯಾರವ್ವ ಅದು, ಸುಜಾತನಾ?" ಅಂತ ಕೂಗಿದರು. ಗುರುಮಲ್ಲಪ್ಪನವರು ಇಳಿದುಹೋಗಿದ್ದರು, ಅಂಗಿ ದೊಡ್ಡದಾಗಿತ್ತು, ದನಿ ಮಾತ್ರ ಅದೇ. ಕೂರಿಸಿ, ಎಲ್ಲಿ ಕೆಲಸ, ಮಕ್ಕಳೆಷ್ಟು, ಅವ್ವ ಹೇಗಿದ್ದಾಳೆ ಎಲ್ಲ ಕೇಳಿದರು. ಲೆಕ್ಚರರ್ ಅಂದದ್ದಕ್ಕೆ ನಿಜವಾಗಲೂ ಸಂತೋಷಪಟ್ಟರು. ಶಶಿ ಚೆನ್ನಾಗಿದ್ದಾಳೆ, ಅಂಗಡಿಯ ವ್ಯವಹಾರವನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ ಅಂದರು. ಆಮೇಲೆ ಬೀದಿಯ ಕಡೆ ನೋಡಿಕೊಂಡು, "ಒಂದ್ ಮಾತ್ ಕೇಳ್ತೀನಿ, ನಿಜ ಏಳ್ಬೇಕು ನೀನು" ಅಂದರು. "ನೀನ್ ಅವ್ಳ್ ಜೊತೇಲೆ ಇದ್ದೋಳು. ಅವ್ಳಿಗೆ ಓದೋ ಮನ್ಸು ಇತ್ತಾ ಕೂಸು? ಒಂದೇ ವರ್ಸ ಅಂತ ನಾನೇ ಆತ್ರ ಬಿದ್ನಾ? ಇನ್ನೊಂದ್ ವರ್ಸ ಕಾಯ್ಬೇಕಿತ್ತಾ? ಅವ್ಳ್ ಮಗ್ಳು ಪುಸ್ತಕ ಇಡ್ಕಂಡು ಕುಂತ್ರೆ ಇವ್ಳು ಎದ್ದು ಆಚ್ಗೋಯ್ತಾಳೆ. ಅದ್ಯಾಕೋ ನಂಗೆ ನಿದ್ದೆ ಬರಕಿಲ್ಲ."

ಇತ್ತು ಅಪ್ಪಾಜಿ. ನನಗಿಂತ ಹೆಚ್ಚಾಗಿ ಇತ್ತು. ಇದಿಷ್ಟೂ ಹೇಳಬಹುದಿತ್ತು. ಗೋಡೆಯ ಮೇಲೆ ಆ ಗಾಜು ಇನ್ನೂ ಇತ್ತು, ವಿಭೂತಿಯೂ ಹೊಸದು.

"ಅವ್ಳಿಗೆ ಅಷ್ಟೇನೂ ಮನ್ಸಿರ್ಲಿಲ್ಲ ಅಪ್ಪಾಜಿ. ನನ್ ಬಲವಂತಕ್ಕೆ ಓದ್ತಿದ್ಲು" ಅಂದೆ.

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಅಂಗಾ? ನಾನೂ ಅಂಗೇ ಅನ್ಕಂಡಿದ್ದೆ ಕಣವ್ವ. ಸದ್ಯ. ಎಷ್ಟ್ ವರ್ಸದಿಂದ ಎದೇಲಿ ಕುಂತಿತ್ತು" ಅಂದರು. ಮುಖವೆಲ್ಲ ಹಗುರಾಯಿತು. ನನ್ನನ್ನು ಒಂದು ಮಾತೂ ಕೇಳದೆ ಜೇಬಿನಿಂದ ಫೋನ್ ತೆಗೆದು ಒತ್ತಿಯೇಬಿಟ್ಟರು. "ಲೇ ಶಶಿ, ಇಲ್ ಯಾರ್ ಬಂದವ್ರೆ ಗೊತ್ತಾ? ಸುಜಾತ! ಈಗ್ ತಾನೆ ಕೇಳ್ದೆ ಇವ್ಳ. ನಿಂಗೆ ಓದೋ ಮನ್ಸೇ ಇರ್ಲಿಲ್ವಂತೆ, ಇವ್ಳೇ ಎಳ್ಕಂಡ್ ಓಯ್ತಿದ್ಲಂತೆ! ತಕ, ಮಾತಾಡು" ಅಂತ ನಗುತ್ತಾ ಫೋನನ್ನು ನನ್ನ ಕೈಗೆ ಕೊಟ್ಟರು.

ಕಿವಿಗಿಟ್ಟುಕೊಂಡೆ. ಆ ಕಡೆ ಅಂಗಡಿಯ ಗಲಾಟೆ, ಯಾರೋ ಯೂರಿಯಾ ಕೇಳುತ್ತಿದ್ದರು. "ಶಶಿ" ಅಂದೆ. ಅವಳು ಅಲ್ಲೇ ಇದ್ದಾಳೆಂದು ಉಸಿರಿನಿಂದ ತಿಳಿಯುತ್ತಿತ್ತು.

"ಒಳ್ಳೇದ್ ಮಾಡ್ದೆ ಕಣೆ" ಅಂದಳು ಕೊನೆಗೆ. ಆಮೇಲೆ, "ಅಪ್ಪಾಜಿಗೆ ಕೊಡು" ಅಂದಳು.

ಕೊಟ್ಟೆ.